ಮೈ ಕಲ್ಲಾಗಿ ನಿಂತ ಗಳಿಗೆ

1972ರ ಮಾರ್ಚ್ 26ರ ರಾತ್ರಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೇ ತನ್ನ ಮೇಲೆ ಅತ್ಯಾಚಾರವಾಯಿತೆಂದು ಒಬ್ಬ ಆದಿವಾಸಿ ಹುಡುಗಿ ದೂರಿದಳು. ವೈದ್ಯರು ಪರೀಕ್ಷಿಸಿದಾಗ ಮೈಮೇಲೆ ಗಾಯದ ಗುರುತು ಸಿಗಲಿಲ್ಲ. ಹೈಕೋರ್ಟ್ ಶಿಕ್ಷೆ ಕೊಟ್ಟರೂ 1978ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆರೋಪಿ ಪೊಲೀಸರನ್ನು ಖುಲಾಸೆ ಮಾಡಿತು. ಗಾಯವಿಲ್ಲವೆಂದರೆ ತಡೆದಿಲ್ಲ, ತಡೆದಿಲ್ಲವೆಂದರೆ ಒಪ್ಪಿದ್ದಳು ಎಂಬ ಜಾಡಿನಲ್ಲಿ ತೀರ್ಪು ನಡೆದಿತ್ತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದು, ಸೋತು ಸುಮ್ಮನಾಗುವುದು ಬೇರೆ, ಸಮ್ಮತಿಸುವುದು ಬೇರೆ ಎಂದು ವಾದಿಸಿದರು. ಆ ಪತ್ರದಿಂದ ಎದ್ದ ಚಳವಳಿ 1983ರಲ್ಲಿ ಕಾನೂನನ್ನು ಬದಲಿಸಿತು. ಆದರೆ ಮೈಯಿಂದ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಹೆಣ್ಣು ಒಪ್ಪಿದ್ದಳೆಂದು ತಿಳಿಯಬಾರದು ಎಂಬ ಸಾಲು ಕಾನೂನಿನೊಳಗೆ ಬರಲು 2013ರವರೆಗೆ ಕಾಯಬೇಕಾಯಿತು.

ಆಘಾತ ಮತ್ತು ಮೈಯ ಬಗೆಗಿನ ಬರಹವನ್ನು ನ್ಯಾಯಾಲಯದಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಏಟು ತಿಂದ ಮೈ ಏನು ಹೇಳುತ್ತಿದೆ ಎಂಬುದನ್ನು ತಪ್ಪಾಗಿ ಓದುವ ನಮ್ಮ ರೂಢಿ ಅಲ್ಲಿ ಎದ್ದು ಕಾಣುತ್ತದೆ, ಅದರ ಬೆಲೆಯೂ ಅಲ್ಲಿ ದೊಡ್ಡದು. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಸ್ಟಾಕ್‌ಹೋಮಿನ ತುರ್ತು ಚಿಕಿತ್ಸಾಲಯವೊಂದಕ್ಕೆ ಅತ್ಯಾಚಾರದ ನಂತರ ಬಂದ 298 ಹೆಂಗಸರ ಅನುಭವವನ್ನು ದಾಖಲಿಸಿ ಪ್ರಕಟಿಸಿದರು. ಅವರಲ್ಲಿ ಶೇ 70ರಷ್ಟು ಮಂದಿಯ ಮೈ ಆ ಹೊತ್ತಿನಲ್ಲಿ ಗಮನಾರ್ಹವಾಗಿ ಸೆಟೆದು ನಿಂತಿತ್ತು. ಶೇ 48ರಷ್ಟು ಮಂದಿಯಲ್ಲಿ ಅದು ತೀವ್ರವಾಗಿತ್ತು. ಕೂಗೋಣವೆಂದರೆ ದನಿ ಹೊರಡದು, ತಳ್ಳೋಣವೆಂದರೆ ಕೈ ಏಳದು. ಬೇಟೆಗಾರ ಪ್ರಾಣಿಯ ಬಾಯಿಗೆ ಸಿಕ್ಕ ಎಷ್ಟೋ ಜೀವಿಗಳಲ್ಲಿ ಕಾಣುವ ಪ್ರತಿಕ್ರಿಯೆಯೇ ಇದು. ಇಚ್ಛೆಗೂ ಇದಕ್ಕೂ ಸಂಬಂಧವಿಲ್ಲ. ಹೀಗೆ ಕಲ್ಲಾದವರಲ್ಲೇ ಆರು ತಿಂಗಳ ನಂತರ ಖಿನ್ನತೆಯೂ ಆಘಾತೋತ್ತರ ಒತ್ತಡದ ಕಾಯಿಲೆಯೂ (ವೈದ್ಯರ ಬಾಯಲ್ಲಿ ಪಿಟಿಎಸ್‌ಡಿ) ಹೆಚ್ಚಾಗಿ ಕಂಡವು. ಅಂದರೆ ಲೋಕ ಯಾರನ್ನು 'ಸುಮ್ಮನಿದ್ದಳಲ್ಲ' ಎಂದು ಶಂಕಿಸುತ್ತದೋ ಅವರಿಗೇ ಪೆಟ್ಟು ಹೆಚ್ಚು ಆಳಕ್ಕೆ ಇಳಿದಿರುತ್ತದೆ. ಈ ವಿಚಾರ ಗೊತ್ತಾಗಿ ಮೂರು ವರ್ಷವಾದ ಮೇಲೆ, 2020ರ ಜೂನಿನಲ್ಲಿ, ನಮ್ಮ ರಾಜ್ಯದ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ, ಘಟನೆಯ ನಂತರ ದಣಿದು ನಿದ್ದೆಹೋದೆ ಎಂಬ ಮಾತು ಭಾರತೀಯ ನಾರಿಗೆ ಒಪ್ಪುವಂಥದ್ದಲ್ಲ ಎಂಬ ಅರ್ಥದ ಸಾಲು ಬಂದಿತ್ತು. ದೇಶದೆಲ್ಲೆಡೆ ಆಕ್ಷೇಪ ಎದ್ದು, ಕೆಲವೇ ದಿನಗಳಲ್ಲಿ ಆ ಸಾಲನ್ನು ಆದೇಶದಿಂದ ತೆಗೆಯಲಾಯಿತು. ತೆಗೆದದ್ದು ಸರಿ. ಆದರೆ ಆ ಸಾಲಿನ ಹಿಂದಿನ ನಂಬಿಕೆ ಜಗಲಿಯಲ್ಲಿ, ಠಾಣೆಯಲ್ಲಿ, ಹಜಾರದಲ್ಲಿ ಇನ್ನೂ ಹಾಗೆಯೇ ಕುಳಿತಿದೆ.

ಮೈ ಹೀಗೇಕೆ ಮಾಡುತ್ತದೆ? ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಬರೆದ ಪುಸ್ತಕ ಇದರ ಮೊದಲ ಸ್ಪಷ್ಟ ಚಿತ್ರ ಕೊಟ್ಟಿತು. ಅಪಾಯ ಕಂಡೊಡನೆ ಮೈ ಎರಡಕ್ಕೆ ಸಜ್ಜಾಗುತ್ತದೆ: ಕಾದಾಡು, ಇಲ್ಲವೆ ಕಾಲ್ತೆಗೆ. ಮಿದುಳಿನ ಒಳಭಾಗದಲ್ಲಿ ಬಾದಾಮಿ ಗಾತ್ರದ ಅಮಿಗ್ಡಾಲ ಎಂಬ ಗಂಟು ಅಪಾಯವನ್ನು ಗುರುತಿಸಿ ಕೂಗು ಹಾಕುತ್ತದೆ. ನರಗಳ ದಾರಿಯಲ್ಲಿ ಸುದ್ದಿ ಹರಿದು ಕೆಲವೇ ಕ್ಷಣಗಳಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಅದರ ಹಿಂದೆ ನಿಮಿಷಗಳ ಲೆಕ್ಕದಲ್ಲಿ ಕಾರ್ಟಿಸಾಲ್ ಏರುತ್ತದೆ. ಹೊಟ್ಟೆಗೂ ಚರ್ಮಕ್ಕೂ ಹೋಗುವ ರಕ್ತ ಕಡಿಮೆಯಾಗಿ ಸ್ನಾಯುಗಳತ್ತ ತಿರುಗುತ್ತದೆ, ಜೊಲ್ಲು ನಿಲ್ಲುತ್ತದೆ, ಉಸಿರು ಮೇಲ್ಮೇಲೆ ಆಡುತ್ತದೆ. ಕನ್ನಡ ಆಡುವವರಿಗೆ ಇದನ್ನು ಪಾಠ ಮಾಡಬೇಕಿಲ್ಲ. ಬಾಯಿ ಪಸೆ ಆರಿತು, ಎದೆ ಧಸಕ್ಕೆಂದಿತು, ಕೈಕಾಲು ತಣ್ಣಗಾದವು, ಹೊಟ್ಟೆಯಲ್ಲಿ ತೊಳಸಿದಂತಾಯಿತು, ನಿಂತಲ್ಲೇ ಕಲ್ಲಾದೆ – ಕ್ಯಾನನ್ ಹೇಳಿದ ಎರಡರ ಜೊತೆಗೆ ಅವನ ಸೂತ್ರದಲ್ಲಿಲ್ಲದ ಮೂರನೆಯದನ್ನೂ, ಆ ಕಲ್ಲಾಗುವುದನ್ನೂ, ನಮ್ಮ ಅಜ್ಜಿಯರ ಮಾತು ಹಿಡಿದಿಟ್ಟುಕೊಂಡಿದೆ.

ಅಪಾಯ ದಾಟಿದ ಮೇಲೆ ಈ ಸಜ್ಜು ಇಳಿಯಬೇಕು. ಹೆಚ್ಚಿನವರಲ್ಲಿ ಇಳಿಯುತ್ತದೆ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಘೋರವಾದದ್ದನ್ನು ಕಂಡ ಎಲ್ಲರೂ ಒಳಗೊಳಗೇ ಮುರಿದಿರುತ್ತಾರೆ ಎಂಬ ಮಾತು ಈಗೀಗ ಹೆಚ್ಚಾಗಿದೆ. ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡವರನ್ನೂ ಅನಾಹುತಗಳಿಂದ ಪಾರಾದವರನ್ನೂ ವರ್ಷಗಟ್ಟಲೆ ಹಿಂಬಾಲಿಸಿದ ಜಾರ್ಜ್ ಬೊನಾನೊ ಅವರ ಅಧ್ಯಯನಗಳಲ್ಲಿ ಬಹುಪಾಲು ಜನ ಚಿಕಿತ್ಸೆಯಿಲ್ಲದೆಯೇ ಚೇತರಿಸಿಕೊಂಡದ್ದು ಕಂಡಿದೆ. ಉಳಿದವರಲ್ಲಿ ಮಾತ್ರ ಕೂಗು ನಿಲ್ಲುವುದಿಲ್ಲ. ಬಾಗಿಲು ದಢಾರೆಂದರೆ ಎದೆ ಬಾಯಿಗೆ ಬರುತ್ತದೆ, ನಡುರಾತ್ರಿ ಬೆವೆತು ಏಳುತ್ತಾರೆ, ಒಂದು ವಾಸನೆ ಸಾಕು ಮೈ ಆ ದಿನಕ್ಕೆ ಮರಳಲು. ಅವರ ಕಾರ್ಟಿಸಾಲ್ ಸದಾ ಏರಿಯೇ ಇರಬೇಕೆಂದು ಊಹಿಸಲಾಗಿತ್ತು. ನಾಜಿ ಹತ್ಯಾಕಾಂಡದಿಂದ ಬದುಕಿ ಬಂದವರನ್ನು ಪರೀಕ್ಷಿಸಿದ ರೇಚಲ್ ಯಹೂದಾ ಅದಕ್ಕೆ ವಿರುದ್ಧವಾದದ್ದನ್ನು ಕಂಡರು: ಪಿಟಿಎಸ್‌ಡಿ ಇದ್ದವರಲ್ಲಿ ಅದು ಕಡಿಮೆ ಇತ್ತು. ಒತ್ತಡವನ್ನು ಏರಿಸುವುದಷ್ಟೇ ಅಲ್ಲ, ಇಳಿಸುವ ಏರ್ಪಾಡೂ ಕೆಟ್ಟಿರುತ್ತದೆ ಎಂಬ ತಿಳಿವು ಅಲ್ಲಿಂದ ಬಲಗೊಂಡಿತು.

ವೈದ್ಯಶಾಸ್ತ್ರ ಇದನ್ನು ಮೊದಲು ಕಂಡದ್ದೂ ಮೈಯಲ್ಲೇ. 1866ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಎರಿಕ್ಸನ್ ರೈಲು ಅಪಘಾತದಿಂದ ಪಾರಾದವರ ಬೆನ್ನುನೋವು, ನಡುಕಗಳ ಬಗ್ಗೆ ಉಪನ್ಯಾಸ ಕೊಟ್ಟು ಬೆನ್ನುಹುರಿ ಅಲುಗಾಡಿರಬೇಕೆಂದ. 1871ರಲ್ಲಿ ಡಾ ಕಾಸ್ಟಾ ಅಮೆರಿಕದ ಅಂತರ್ಯುದ್ಧದ ಸೈನಿಕರ ಎದೆಬಡಿತವನ್ನು ಹೃದಯದ ಬೇನೆ ಎಂದು ವಿವರಿಸಿದ. ಮೊದಲ ಮಹಾಯುದ್ಧದಲ್ಲಿ ಅದಕ್ಕೆ ಶೆಲ್ ಶಾಕ್ ಎಂಬ ಹೆಸರಾಯಿತು. ಆ ಯುದ್ಧದ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಏಬ್ರಂ ಕಾರ್ಡಿನರ್ 1941ರಲ್ಲಿ, ಈ ಬೇನೆಯ ತಿರುಳು ಮೈಯಲ್ಲೂ ಇದೆ ಎಂದು ಬರೆದ. ಆಮೇಲೆ ಆ ಮಾತು ಬಹಳ ಕಾಲ ಹಿಂದೆ ಸರಿಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ ಸೇರಿದಾಗ ಮೊದಲಿಗೆ ಕಣ್ಣ ಮುಂದಿದ್ದವರು ವಿಯೆಟ್ನಾಮಿನಿಂದ ಮರಳಿದ ಸೈನಿಕರು. ಮನೆಯೊಳಗೆ ಏಟು ತಿಂದ ಮಕ್ಕಳು ಕಣ್ಣಿಗೆ ಬೀಳಲು ಇನ್ನೂ ಹೊತ್ತು ಹಿಡಿಯಿತು.

ಅವರು ಕಣ್ಣಿಗೆ ಬಿದ್ದ ಬಗೆ ವಿಚಿತ್ರ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೋದಲ್ಲಿ ವಿನ್ಸೆಂಟ್ ಫೆಲಿಟಿ ತೂಕ ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ಎಂಬತ್ತರ ದಶಕದಲ್ಲಿ ಅವರಿಗೆ ಒಂದು ಒಗಟು ಎದುರಾಯಿತು: ಚೆನ್ನಾಗಿ ತೂಕ ಇಳಿಸಿಕೊಳ್ಳುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. ಕೂರಿಸಿಕೊಂಡು ಕೇಳಿದಾಗ ಅವರಲ್ಲಿ ಎಷ್ಟೋ ಮಂದಿ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಉಂಡವರೆಂದು ತಿಳಿಯಿತು. ಕೆಲವರಿಗೆ ದಪ್ಪ ಮೈಯೇ ಒಂದು ಕೋಟೆಯಾಗಿತ್ತು; ಮೈ ಇಳಿದು ಗಂಡಸರ ಕಣ್ಣು ಬೀಳತೊಡಗಿದೊಡನೆ ಹಳೆಯ ಹೆದರಿಕೆ ಎದ್ದು ಬರುತ್ತಿತ್ತು. ವೈದ್ಯರು ಕಾಯಿಲೆ ಎಂದುಕೊಂಡದ್ದು ರೋಗಿಗೆ ರಕ್ಷಣೆಯಾಗಿತ್ತು. ಈ ಅರಿವಿನಿಂದ ಹುಟ್ಟಿದ್ದು ಫೆಲಿಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಪ್ರಕಟಿಸಿದ ಅಧ್ಯಯನ. ಅದರ ಮೊದಲ ವರದಿಯಲ್ಲಿ 9,508 ಮಂದಿ ತಮ್ಮ ಬಾಲ್ಯದ ಬಗ್ಗೆ ಉತ್ತರಿಸಿದ್ದರು. ಬೈಗುಳ, ಹೊಡೆತ, ಲೈಂಗಿಕ ಹಿಂಸೆ, ತಾಯಿಯ ಮೇಲಿನ ದೌರ್ಜನ್ಯ ನೋಡುತ್ತ ಬೆಳೆದದ್ದು, ಮನೆಯಲ್ಲಿ ಕುಡಿತ – ಇಂಥವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯನ್ನು ಕಂಡವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಬಾಲ್ಯದ ಕಷ್ಟ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಹೃದ್ರೋಗವೂ ಶ್ವಾಸಕೋಶದ ಕಾಯಿಲೆಯೂ ಏರಿದ್ದವು. ಒಂದಿಷ್ಟು ಸಿಗರೇಟು, ಕುಡಿತಗಳ ಮೂಲಕ. ಒಂದಿಷ್ಟು, ಬ್ರೂಸ್ ಮೆಕ್‌ಇವನ್ ಹೇಳಿದಂತೆ, ಸದಾ ಸಜ್ಜಾಗಿಯೇ ಇರುವ ಮೈ ಸವೆಯುವ ಮೂಲಕ. ಇವು ಜನಸಮೂಹದ ಲೆಕ್ಕಗಳು. ಒಬ್ಬ ಮನುಷ್ಯನ ಹಣೆಬರಹ ಹೇಳುವ ಅಂಕಪಟ್ಟಿಯಾಗಿ ಇವನ್ನು ಬಳಸಬಾರದು.

ನಮ್ಮಲ್ಲಿಗೆ ಬಂದರೆ, ಯಾವುದೇ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗ್ಗೆ ಕುಳಿತರೆ ಸಾಕು. ಎದೆ ಹಿಡಿದುಕೊಂಡ ಹಾಗೆ, ಮೈಯೆಲ್ಲ ಉರಿ, ತಲೆ ಧಿಮ್ ಅನ್ನುತ್ತೆ, ಕೈಕಾಲು ಜುಂ, ತಡೆಯಲಾರದ ಸುಸ್ತು. ಇಸಿಜಿ ಸರಿ ಇರುತ್ತದೆ, ರಕ್ತ ಸರಿ ಇರುತ್ತದೆ. 'ರಿಪೋರ್ಟೆಲ್ಲ ನಾರ್ಮಲ್ ಇದೆಯಮ್ಮ, ಏನೂ ಆಗಿಲ್ಲ' ಎಂಬ ಮಾತು ಮತ್ತು ಒಂದು ವಿಟಮಿನ್ ಮಾತ್ರೆಯೊಡನೆ ಆಕೆ ಹೊರಬರುತ್ತಾಳೆ. ಏನೂ ಆಗಿಲ್ಲವೆ? ಆಕೆಗೆ ಏನಾಗಿತ್ತು ಎಂದು ಯಾರೂ ಕೇಳಿರುವುದಿಲ್ಲ. ಇದನ್ನು ಓದು ಬರಹ ಇಲ್ಲದವರ ಲಕ್ಷಣ, ಮನಸ್ಸಿನ ಮಾತು ಆಡಲು ಬಾರದವರ ಭಾಷೆ ಎಂದು ತಳ್ಳಿಹಾಕುವ ಕಾಲವಿತ್ತು. 1996ರಲ್ಲಿ ನಿಮ್ಹಾನ್ಸ್‌ನ ಆರ್. ರಘುರಾಂ ಮತ್ತು ಸಂಗಡಿಗರು ಬೆಂಗಳೂರಿನ 80 ಮಂದಿ ರೋಗಿಗಳ ಜೊತೆ ಮಾತಾಡಿ ಬರೆದ ಪ್ರಬಂಧ ಅದನ್ನು ಬೇರೆಯೇ ಬೆಳಕಿನಲ್ಲಿ ಇಟ್ಟಿತು. ಅದು ಆಘಾತದ ಅಧ್ಯಯನವಲ್ಲ, ಖಿನ್ನತೆಯದ್ದು. ಆದರೂ ಇಲ್ಲಿಗೆ ಸಲ್ಲುತ್ತದೆ. ಮನಸ್ಸಿನ ದುಃಖ ಹೇಳಿಕೊಂಡರೆ ಮದುವೆ ತಪ್ಪುತ್ತದೆ, ಜನ ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ ಅವರಿಗಿತ್ತು. ಮೈನೋವು ಹೇಳಿಕೊಂಡರೆ ಆ ಕಳಂಕವಿಲ್ಲ, ಅದು ಎಲ್ಲರಿಗೂ ಬರುವಂಥದ್ದು. ಮೈಯ ಮಾತು ಅಜ್ಞಾನದಿಂದಷ್ಟೇ ಅಲ್ಲ, ಮರ್ಯಾದೆ ಉಳಿಸಿಕೊಳ್ಳುವ ಜಾಣ್ಮೆಯಿಂದಲೂ ಬರುತ್ತದೆ. ಅಂಥವರಿಗೆ 'ನಿನ್ನ ಸಮಸ್ಯೆ ಮೈಯದ್ದಲ್ಲ, ಮನಸ್ಸಿನದು' ಎಂದುಬಿಡುವುದು ಸಹಾಯವಲ್ಲ. ಅವರು ಕಷ್ಟಪಟ್ಟು ಮುಚ್ಚಿಕೊಂಡ ಬಾಗಿಲನ್ನು ಒದ್ದ ಹಾಗೆ.

ಇಷ್ಟು ಹೇಳಿದ ಮೇಲೆ, ಈ ವಿಷಯದಲ್ಲಿ ಲೋಕಪ್ರಿಯವಾಗಿರುವ ಒಂದು ಮಾತಿನ ಬಗ್ಗೆ ಎಚ್ಚರ ಹೇಳಬೇಕು. ಬೆಸೆಲ್ ವಾನ್ ಡೆರ್ ಕೋಲ್ಕ್ 2014ರಲ್ಲಿ ಬರೆದ 'ದ ಬಾಡಿ ಕೀಪ್ಸ್ ದ ಸ್ಕೋರ್' ಲೋಕದೆಲ್ಲೆಡೆ ಮಾರಾಟವಾಯಿತು. ಮೈ ಲೆಕ್ಕ ಇಟ್ಟುಕೊಂಡಿರುತ್ತದೆ ಎಂಬ ಆ ಹೆಸರು ಲಕ್ಷಾಂತರ ಜನರಿಗೆ ತಮ್ಮ ನೋವು ನಿಜ ಎಂಬ ಧೈರ್ಯ ಕೊಟ್ಟಿತು. ಆ ಉಪಕಾರ ಸಣ್ಣದಲ್ಲ. ಆದರೆ ರೂಪಕವನ್ನು ಅಂಗರಚನೆ ಎಂದು ತಿಳಿದಾಗ ಕಷ್ಟ. ಆಘಾತದ ನೆನಪು ಸೊಂಟದ ಸ್ನಾಯುವಿನಲ್ಲೋ ಭುಜದ ಗಂಟಿನಲ್ಲೋ ಕೂಡಿಟ್ಟಿರುತ್ತದೆ, ಹಿಂಡಿದರೆ ಹೊರಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಿಗಿದ ಭುಜ, ಓಡುವ ಎದೆ, ಹಿಡಿದ ಉಸಿರು – ಇವು ಮಿದುಳೂ ಮೈಯೂ ಒಂದಕ್ಕೊಂದು ಕಳಿಸುತ್ತಿರುವ ಸುದ್ದಿಗಳು. ಆಘಾತ ಮರುಕಳಿಸುವ ಹೊತ್ತಿನಲ್ಲಿ ಮಾತಿನ ಕೇಂದ್ರ ಮಂಕಾಗುತ್ತದೆ ಎಂದು ಹೇಳುವಾಗ ಎಲ್ಲರೂ ನೆನೆಯುವ 1996ರ ಮಿದುಳು ಚಿತ್ರಣದ ಅಧ್ಯಯನದಲ್ಲಿ ಇದ್ದವರು 8 ಮಂದಿ. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಆಘಾತದಿಂದ ಕುಗ್ಗುತ್ತದೆ ಎಂಬ ಮಾತನ್ನು 2002ರ ಒಂದು ಸೊಗಸಾದ ಅಧ್ಯಯನ ತಿರುಗಿ ನೋಡುವಂತೆ ಮಾಡಿತು: ಯುದ್ಧಕ್ಕೆ ಹೋಗಿ ಪಿಟಿಎಸ್‌ಡಿಯಿಂದ ನರಳುತ್ತಿದ್ದವರ, ಯುದ್ಧವನ್ನೇ ಕಾಣದೆ ಮನೆಯಲ್ಲಿದ್ದ ತದ್ರೂಪಿ ಅವಳಿ ಸೋದರರಲ್ಲೂ ಅದು ಚಿಕ್ಕದೇ ಇತ್ತು. ಕನಿಷ್ಠ ಅವರ ಮಟ್ಟಿಗೆ ಅದು ಹುಟ್ಟಿನಿಂದ ಬಂದಿದ್ದ ದುರ್ಬಲತೆಯಾಗಿರಬಹುದು, ಏಟಿನ ಗುರುತಲ್ಲ. ನೆನಪು ಅಳಿಸಿಹೋಗಿ ಮೈಯಲ್ಲಿ ಮಾತ್ರ ಉಳಿಯುತ್ತದೆ ಎಂಬುದನ್ನು ಹಾರ್ವರ್ಡಿನ ರಿಚರ್ಡ್ ಮೆಕ್‌ನಾಲಿ ಖಂಡಿಸಿದ್ದಾರೆ. ಆಘಾತ ಉಂಡವರ ಕಷ್ಟ ಸಾಮಾನ್ಯವಾಗಿ ಮರೆವಲ್ಲ, ಮರೆಯಲಾಗದಿರುವುದು.

ಹಾಗಾದರೆ ಮೈಯ ಮೂಲಕ ಗುಣಪಡಿಸುವ ದಾರಿಗಳು ಎಷ್ಟು ಗಟ್ಟಿ? ಪೀಟರ್ ಲೆವೀನ್ ಅವರ ಸೊಮ್ಯಾಟಿಕ್ ಎಕ್ಸ್‌ಪೀರಿಯನ್ಸಿಂಗ್, ಚಿರತೆಯಿಂದ ತಪ್ಪಿಸಿಕೊಂಡ ಜಿಂಕೆ ಮೈ ನಡುಗಿಸಿ ಭಯ ಕೊಡವಿಕೊಳ್ಳುತ್ತದೆ, ಮನುಷ್ಯ ಅದನ್ನು ತಡೆದುಕೊಂಡು ಕೆಡುತ್ತಾನೆ ಎಂಬ ಚಿತ್ರದ ಮೇಲೆ ನಿಂತಿದೆ. ಚಿತ್ರ ಮನಸ್ಸಿಗೆ ಹತ್ತುತ್ತದೆ. 2017ರಲ್ಲಿ ಇಸ್ರೇಲಿನಲ್ಲಿ 63 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಚಿಕಿತ್ಸೆ ಪಡೆದವರು ಸುಧಾರಿಸಿದರು, ಆದರೆ ಹೋಲಿಸಿದ್ದು ಸರದಿಗಾಗಿ ಕಾಯುತ್ತಿದ್ದವರ ಜೊತೆ. ಯಾವ ಚಿಕಿತ್ಸೆಯೂ ಸಿಗದವರಿಗಿಂತ ಒಳ್ಳೆಯದು ಎಂದಷ್ಟೇ ಅದರಿಂದ ತಿಳಿಯುತ್ತದೆ. ಸ್ಟೀಫನ್ ಪೋರ್ಜೆಸ್ ಅವರ ಪಾಲಿವೇಗಲ್ ಸಿದ್ಧಾಂತವನ್ನು ಚಿಕಿತ್ಸಕರು ಅಪಾರವಾಗಿ ಮೆಚ್ಚುತ್ತಾರೆ. ವೇಗಸ್ ನರದ ಬಗ್ಗೆ ಅದು ಹೇಳುವ ವಿಕಾಸದ ಕತೆಯನ್ನು ಪಾಲ್ ಗ್ರಾಸ್‌ಮನ್‌ರಂಥ ಶರೀರಕ್ರಿಯಾ ವಿಜ್ಞಾನಿಗಳು ಒಪ್ಪುವುದಿಲ್ಲ. ಕಣ್ಣು ಅತ್ತಿತ್ತ ಆಡಿಸುತ್ತ ನೆನಪನ್ನು ಎದುರಿಸುವ ಇಎಂಡಿಆರ್ ಇವುಗಳಿಗಿಂತ ಗಟ್ಟಿ ನೆಲದ ಮೇಲಿದೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಅದನ್ನೂ, ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಯನ್ನೂ ಶಿಫಾರಸು ಮಾಡಿತು. ಅದರಲ್ಲಿ ಗುಣ ಕೊಡುವುದು ಕಣ್ಣಾಟವೋ, ನೆನಪನ್ನು ಸುರಕ್ಷಿತವಾಗಿ ಎದುರಿಸುವುದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಉಸಿರಿನ ವಿಷಯ ಹೆಚ್ಚು ಸರಳ, ಹೆಚ್ಚು ಖಚಿತ. ಉಸಿರು ಎಳೆದಾಗ ಎದೆಬಡಿತ ತುಸು ಏರುತ್ತದೆ, ಬಿಟ್ಟಾಗ ವೇಗಸ್ ನರದ ಮೂಲಕ ಇಳಿಯುತ್ತದೆ. ಬಿಡುವ ಉಸಿರು ಉದ್ದವಾದಷ್ಟು ಎದೆ ನಿಧಾನಕ್ಕೆ ಬರುತ್ತದೆ. ನಾವು ನಿಟ್ಟುಸಿರು ಎನ್ನುತ್ತೇವಲ್ಲ, ನೆಟ್ಟಗೆ ನೀಳವಾಗಿ ಬಿಡುವ ಉಸಿರು, ಅದರಲ್ಲಿ ದುಃಖದ ಜೊತೆಗೆ ದುಃಖದ ಉಪಶಮನವೂ ಇದೆ.

2004ರ ಡಿಸೆಂಬರಿನ ಸುನಾಮಿಯ ನಂತರ ಈ ತಿಳಿವು ಕಡಲ ದಂಡೆಯಲ್ಲಿ ಪರೀಕ್ಷೆಗೆ ಒಳಗಾಯಿತು. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದ ಶರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು ಸುಮಾರು ಒಂದು ತಿಂಗಳ ಬಳಿಕ ಅಂಡಮಾನಿನಲ್ಲಿ 47 ಮಂದಿಗೆ ಒಂದು ವಾರ ಯೋಗ ಮಾಡಿಸಿದರು. ಭಯ, ಆತಂಕ, ದುಃಖ, ಕೆಟ್ಟ ನಿದ್ದೆ ತಗ್ಗಿದವು. ಉಸಿರಾಟದ ವೇಗವೂ ಇಳಿಯಿತು. ತಮಿಳುನಾಡಿನ ಶಿಬಿರಗಳಲ್ಲಿ 183 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಉಸಿರಾಟದ ತರಬೇತಿ ಪಡೆದವರ ಲಕ್ಷಣಗಳು, ಕಾಯುತ್ತಿದ್ದವರಿಗಿಂತ ಬಹಳ ಹೆಚ್ಚು ಇಳಿದವು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು 2008ರ ಬಿಹಾರದ ಕೋಸಿ ನೆರೆಯ ಸಂತ್ರಸ್ತರ ಮೇಲೆ ಇದೇ ಟೆಲ್ಲಿಸ್ ನಡೆಸಿದ ಪುಟ್ಟ ಅಧ್ಯಯನ. 22 ಗಂಡಸರಲ್ಲಿ ಯೋಗ ಮಾಡಿದವರ ದುಃಖ ಒಂದು ವಾರದಲ್ಲಿ ಕಡಿಮೆಯಾಯಿತು. ಮಾಡದೆ ಉಳಿದವರ ಆತಂಕ ಆ ಒಂದೇ ವಾರದಲ್ಲಿ ಏರಿತು. ಶಿಬಿರದಲ್ಲಿ ಸುಮ್ಮನೆ ಕೂತು ಕಾಯುವುದೂ ಒಂದು ಪೆಟ್ಟೇ. ಇವೆಲ್ಲ ಚಿಕ್ಕ ಗುಂಪುಗಳು, ಅಲ್ಪಾವಧಿಯವು, ಅಂಡಮಾನಿನದರಲ್ಲಿ ಹೋಲಿಕೆಯ ಗುಂಪೂ ಇರಲಿಲ್ಲ. ಮೊದಲ ದಿನಗಳ ಆಸರೆಯಾಗಿ ಇವನ್ನು ನಂಬಬಹುದು. ವರ್ಷಗಳ ಕಾಯಿಲೆಗೆ ಮದ್ದೆಂದು ಇವಿಷ್ಟರಿಂದಲೇ ಸಾರಲಾಗದು.

ವರ್ಷಗಳ ಕಾಯಿಲೆಗೂ ಯೋಗ ಮದ್ದಾದೀತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ್ದು ಬೇರೆ ಪ್ರಯೋಗಗಳು. ಬೇರೆ ಚಿಕಿತ್ಸೆಗಳಿಗೆ ಬಗ್ಗದ ಪಿಟಿಎಸ್‌ಡಿ ಇದ್ದ 64 ಹೆಂಗಸರನ್ನು ವಾನ್ ಡೆರ್ ಕೋಲ್ಕ್ ಎರಡು ಗುಂಪು ಮಾಡಿ, ಒಂದಕ್ಕೆ 10 ವಾರ ಯೋಗವನ್ನೂ ಇನ್ನೊಂದಕ್ಕೆ ಆರೋಗ್ಯ ಶಿಕ್ಷಣವನ್ನೂ ಕೊಟ್ಟರು. ಕೊನೆಯಲ್ಲಿ ಯೋಗದ ಗುಂಪಿನ 31 ಮಂದಿಯಲ್ಲಿ 16 ಮಂದಿ ಕಾಯಿಲೆಯ ವ್ಯಾಖ್ಯೆಯಿಂದ ಹೊರಬಂದಿದ್ದರು. ಇನ್ನೊಂದರ 29ರಲ್ಲಿ 6 ಮಂದಿ. ಇನ್ನೂ ಮುಖ್ಯವಾದದ್ದು 2023ರಲ್ಲಿ ಪ್ರಕಟವಾಯಿತು. ಸೇನೆಯಲ್ಲಿದ್ದಾಗ ಲೈಂಗಿಕ ಹಿಂಸೆಗೆ ಒಳಗಾದ 131 ಅಮೆರಿಕನ್ ಮಾಜಿ ಸೈನಿಕ ಮಹಿಳೆಯರಲ್ಲಿ ಅದೇ ಬಗೆಯ ಯೋಗವನ್ನು, ಮಾತಿನ ಚಿಕಿತ್ಸೆಗಳಲ್ಲಿ ಅತಿ ಗಟ್ಟಿ ಎನಿಸಿದ ಒಂದರ ಜೊತೆಗೇ ಹೋಲಿಸಿ ನೋಡಲಾಯಿತು. ಎರಡರ ಫಲವೂ ಸರಿಸಮ. ಆದರೆ ನಡುವೆ ಬಿಡದೆ ಕೊನೆಯವರೆಗೆ ಬಂದವರು ಯೋಗದಲ್ಲೇ ಹೆಚ್ಚು. ನಡೆದದ್ದನ್ನು ಬಾಯಿಬಿಟ್ಟು ಹೇಳಲಾರದವರಿಗೆ ಇದೊಂದು ನಿಜವಾದ ದಾರಿ.

ಹಾಗೆಂದು ನಗರಗಳ ವಾರಾಂತ್ಯದ ಶಿಬಿರಗಳಲ್ಲಿ, ಎರಡು ದಿನದಲ್ಲಿ ಮೈಯೊಳಗಿನ ಆಘಾತವನ್ನು ಹೊರಹಾಕುತ್ತೇವೆ ಎಂದು ದೊಡ್ಡ ಶುಲ್ಕ ಪಡೆದು ಕರೆಯುವವರನ್ನು ನಾನು ಒಪ್ಪಲಾರೆ. ಜೋರು ಉಸಿರಾಟ, ಕತ್ತಲ ಕೋಣೆ, ಅಪರಿಚಿತರ ಸ್ಪರ್ಶ – ಇವು ಹಳೆಯ ಭೀತಿಯನ್ನು ಒಮ್ಮೆಲೇ ಎಬ್ಬಿಸಿಬಿಡಬಲ್ಲವು. ಶಿಬಿರಕ್ಕೆ ಹೋದಾಕೆ ಸೋಮವಾರ ಬೆಳಗ್ಗೆ ಒಂಟಿಯಾಗಿ ಅದರ ಜೊತೆ ಉಳಿಯುತ್ತಾಳೆ. ನಿದ್ದೆ ಕೆಟ್ಟು ವಾರಗಳಾಗಿದ್ದರೆ, ಸಾಯುವ ಯೋಚನೆ ಸುಳಿಯುತ್ತಿದ್ದರೆ ಮೊದಲು ಹೋಗಬೇಕಾದದ್ದು ತರಬೇತಾದ ವೈದ್ಯರಲ್ಲಿಗೆ. ಹಣವಿಲ್ಲದಿದ್ದರೂ ಕನ್ನಡದಲ್ಲೇ ಮಾತಾಡಲು 14416 ಟೆಲಿ ಮಾನಸ್ ಸಹಾಯವಾಣಿ ಇದೆ.

ಆ ಎರಡು ಪ್ರಯೋಗಗಳಲ್ಲಿ ಬಳಸಿದ ಯೋಗವನ್ನು ರೂಪಿಸಿದವರು ಡೇವಿಡ್ ಎಮರ್ಸನ್. ಅದರ ಆಸನಗಳು ನಮಗೆ ಗೊತ್ತಿರುವಂಥವೇ. ಬೇರೆಯಾಗಿರುವುದು ಕಲಿಸುವ ರೀತಿ. ಶಿಕ್ಷಕರು ಯಾರನ್ನೂ ಮುಟ್ಟಿ ಸರಿಪಡಿಸುವುದಿಲ್ಲ, ಅಪ್ಪಣೆ ಕೊಡುವುದಿಲ್ಲ, ಮಾಡಲೇಬೇಕು ಎನ್ನುವುದಿಲ್ಲ. ನಾನು ಬೆಳಗಿನ ಯೋಗ ತರಗತಿಗೆ ಹೋಗಿದ್ದ ದಿನಗಳಲ್ಲಿ ಕೇಳಿದ ಮಾತೆಲ್ಲ ಅಪ್ಪಣೆಯದೇ: ಕಣ್ಣು ಮುಚ್ಚಿ, ಕಾಲು ಅಗಲಿಸಿ, ಅಂಗಾತ ಮಲಗಿ, ಮೈ ಸಡಿಲ ಬಿಡಿ. ಹಾಳೂರಿನ ದಾರಿಯಲ್ಲೋ ಮನೆಯ ಕೋಣೆಯಲ್ಲೋ ಇದೇ ಮಾತುಗಳನ್ನು ಬೆದರಿಕೆಯ ದನಿಯಲ್ಲಿ ಕೇಳಿದ ಹೆಣ್ಣು ಆ ಚಾಪೆಯ ಮೇಲೆ ಇದ್ದರೆ? ಶವಾಸನ ಅವಳಿಗೆ ವಿಶ್ರಾಂತಿಯಲ್ಲ, ಆ ರಾತ್ರಿ. ಎಮರ್ಸನ್ನರ ಕ್ರಮದಲ್ಲಿ ಅದೇ ಮಾತು ಹೀಗಾಗುತ್ತದೆ: ಬೇಕೆನಿಸಿದರೆ ಕಣ್ಣು ಮುಚ್ಚಿಕೊಳ್ಳಿ, ತೆರೆದಿದ್ದರೂ ಸರಿ. ಕೈ ಎತ್ತಿ ನೋಡಬಹುದು, ಸಾಕೆನಿಸಿದಲ್ಲಿ ಇಳಿಸಬಹುದು. ಕೂತೇ ಇರುತ್ತೇನೆಂದರೆ ಕೂತಿರಿ. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಟ್ಟಿಸಬೇಕಿಲ್ಲ. 'ಬೇಕಿದ್ದರೆ' ಎಂಬ ಒಂದು ಮಾತನ್ನು ಮುಂದಿಟ್ಟರೆ ಆಯಿತು. ಒಂದು ಕಾಲದಲ್ಲಿ ಬೇಡ ಎನ್ನಲು ಬಾಯೇ ಬಾರದೆ ಕಲ್ಲಾಗಿದ್ದ ಮೈ, ಹತ್ತು ವಾರ, ವಾರಕ್ಕೊಂದು ಗಂಟೆ, ಎತ್ತಿದ ಕೈಯನ್ನು ತನಗೆ ಬೇಕಾದಾಗ ಇಳಿಸುತ್ತದೆ.